ಎಂಜಲು ಅಂದಿರಲ್ಲಣ್ಣ, ಆ ಮಾತ್ರೆ ನುಂಗಿ ಬದುಕಿದವರ ಕಡೆಯಿಂದ ಒಂದು ಉತ್ತರ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಅರ್ಧ ಓದಿ ಜಗಳಕ್ಕೆ ಬರಬೇಡಿ, ಪೂರ್ತಿ ಓದಿ ಬನ್ನಿ.

ಮೊನ್ನೆ ನಮ್ಮದೇ ಗ್ರೂಪಿನಲ್ಲಿ ಒಬ್ಬ ಹಿರಿಯ ಸಂಗಾತಿ ಬರೆದರು: "ಅಮೆರಿಕದ ಎಂಜಲು ನಿಂತಿತು, ಎನ್‌ಜಿಓ ಅಂಗಡಿಗಳು ಮುಚ್ಚಿದವು, ಒಳ್ಳೇದೇ ಆಯ್ತು." ಕೆಳಗೆ ಸಾಲುಸಾಲು ಲೈಕು, ನೀಲಿ ಹೃದಯ. ಒಬ್ಬ ತಮ್ಮ "ಸ್ವಾಭಿಮಾನದ ಮಾತು ಅಣ್ಣಾ" ಅಂತ ಬರೆದಿದ್ದ.

ಆ ಹಿರಿಯರ ಬಗ್ಗೆ ನನಗೆ ಗೌರವ ಇದೆ. ಅವರ ಜೊತೆ ಲಾಠಿ ಏಟು ತಿಂದವನು ನಾನು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಂಜಲು ಅನ್ನೋ ಶಬ್ದ ಏನು ಅಂತ ಕೇರಿಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮದುವೆ ಮನೆ ಹಿಂದೆ ಬುಟ್ಟಿ ಹಿಡಿದು ನಿಂತ ನೆನಪು ನಮ್ಮ ಅವ್ವಂದಿರಿಗೆ ಇದೆ. ಅದಕ್ಕೇ ಆ ಶಬ್ದವನ್ನ ಎಲ್ಲಿ ಬಳಸ್ತೀವಿ ಅಂತ ಎರಡು ಸಲ ಯೋಚನೆ ಮಾಡಬೇಕು ಅನ್ನಿಸ್ತು.

ನನ್ನ ಮನೆಯ ಕತೆಯಿಂದ ಶುರು ಮಾಡ್ತೀನಿ.

ನಮ್ಮದು ಬಾಗಲಕೋಟೆ ಕಡೆ. ನಮ್ಮ ಚಿಗವ್ವನಿಗೆ ಸಣ್ಣವಳಿದ್ದಾಗಲೇ ಮುತ್ತು ಕಟ್ಟಿದ್ದರು. ಎಲ್ಲವ್ವನ ಗುಡ್ಡ, ಆಮೇಲೆ ಸಾಂಗ್ಲಿ, ಆಮೇಲೆ ಮುಂಬೈ. ಆ ದಾರಿ ಗೊತ್ತಿರುವವರಿಗೆ ಗೊತ್ತು. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ನಿಷೇಧ ಕಾಯ್ದೆ ಮಾಡಿತ್ತು. ಕಾಯ್ದೆ ಪುಸ್ತಕದಲ್ಲಿತ್ತು, ಮುತ್ತು ಚಿಗವ್ವನ ಕೊರಳಲ್ಲಿತ್ತು. 2001ರಲ್ಲಿ ಆಕೆ ಊರಿಗೆ ವಾಪಸ್ ಬಂದಾಗ ಎಲುಬು ಚರ್ಮ ಅಷ್ಟೇ ಉಳಿದಿತ್ತು. ಒಂದು ಆಸ್ಪತ್ರೆಯಲ್ಲಿ ಮಂಚದ ಕಾಲಿಗೆ ಕೆಂಪು ಅಕ್ಷರದ ಚೀಟಿ ಅಂಟಿಸಿದ್ದರು. ಊಟದ ತಟ್ಟೆಯನ್ನ ನೆಲದ ಮೇಲಿಟ್ಟು ಕಾಲಿನಿಂದ ಸರಿಸಿದ್ದು ನಾನು ಕಣ್ಣಾರೆ ನೋಡಿದ್ದು. ಡಾಕ್ಟರು ನಮ್ಮ ಮಾವನಿಗೆ ಹೇಳಿದ್ದು ಇಷ್ಟೇ: ಔಷಧ ಇದೆ, ನಿಮ್ಮ ಕೈಗೆ ಎಟುಕೋದಲ್ಲ. 2002ರ ಮಳೆಗಾಲದಲ್ಲಿ ಚಿಗವ್ವ ಸತ್ತಳು. ಹೆಣ ಹೊರೋದಕ್ಕೆ ನಾಲ್ಕು ಜನ ಸಿಗಲಿಲ್ಲ. ನಾನು ಮಾವ ಸೇರಿ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೋದೆವು.

ನಮ್ಮ ಮನೆಯಿಂದ ಮೂರು ಮನೆ ಆಚೆ ಇನ್ನೊಬ್ಬ ಅಕ್ಕ ಇದ್ದಾಳೆ. ಅದೇ ಮುತ್ತು, ಅದೇ ಗುಡ್ಡ, ಅದೇ ಮುಂಬೈ, ಅದೇ ರೋಗ. ಆಕೆಗೆ ಮಾತ್ರೆ ಸಿಕ್ಕಿದ್ದು 2006ರಲ್ಲಿ. ಇವತ್ತಿಗೂ ಇದ್ದಾಳೆ. ಎರಡು ಎಮ್ಮೆ ಕಟ್ಟಿದ್ದಾಳೆ, ಮೊಮ್ಮಗಳನ್ನ ಪಿಯುಸಿ ಓದಿಸ್ತಿದ್ದಾಳೆ, ಸಂಘದ ಮೀಟಿಂಗಿಗೆ ನನಗಿಂತ ಮೊದಲು ಬಂದು ಕೂರ್ತಾಳೆ. ಇಬ್ಬರ ನಡುವೆ ಇದ್ದ ವ್ಯತ್ಯಾಸ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ಲೋಕದಲ್ಲಿ ಏನು ನಡೆಯಿತು ಅನ್ನೋದೇ ಈ ಪೋಸ್ಟಿನ ವಿಷಯ. ಯಾಕಂದ್ರೆ "ವಿದೇಶಿ ನೆರವು ಕೆಲಸ ಮಾಡ್ತದಾ ಇಲ್ಲವಾ" ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೊದಲು, ಕುಣಿಯುತ್ತಿರುವವರಿಗೆ.

2025ರ ಜನವರಿ 20ರಂದು ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದ ದಿನವೇ ವಿದೇಶಿ ನೆರವನ್ನ 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದ. ಮಾರ್ಚ್ ಹೊತ್ತಿಗೆ ಯುಎಸ್‌ಏಡ್ ಕಾರ್ಯಕ್ರಮಗಳಲ್ಲಿ ಶೇ. 83ರಷ್ಟು ರದ್ದು ಅಂತ ಅವರ ವಿದೇಶಾಂಗ ಮಂತ್ರಿಯೇ ಘೋಷಿಸಿದ. ಜುಲೈ 1ಕ್ಕೆ ಆ ಸಂಸ್ಥೆಗೇ ಬೀಗ ಬಿತ್ತು. ಹೈದರಾಬಾದಿನಲ್ಲಿ 2021ರಿಂದ ನಡೀತಿದ್ದ ಮಿತ್ರ್ ಕ್ಲಿನಿಕ್, ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಅವರದೇ ಸಮುದಾಯದವರು ನಿಂತು ನಡೆಸುತ್ತಿದ್ದ ದೇಶದ ಮೊದಲ ಕ್ಲಿನಿಕ್, ಜನವರಿಯಲ್ಲೇ ಬಾಗಿಲು ಹಾಕಿತು. ಪುಣೆ, ಕಲ್ಯಾಣದಲ್ಲಿದ್ದ ಕ್ಲಿನಿಕ್ಕುಗಳದ್ದೂ ಅದೇ ಕತೆ. ಬೇರೆ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಜನ ಹೇಗೆ ನೋಡ್ತಾರೆ ಅನ್ನೋ ಭಯಕ್ಕೆ ಅಲ್ಲಿಗೆ ಬರುತ್ತಿದ್ದವರು ಅವರು. ನಮ್ಮ ಚಿಗವ್ವನ ತಟ್ಟೆಯನ್ನ ಕಾಲಿನಿಂದ ಸರಿಸಿದರಲ್ಲ, ಅಂಥ ಆಸ್ಪತ್ರೆಗೆ ವಾಪಸ್ ಹೋಗಿ ಅಂದ ಹಾಗಾಯ್ತು.

ಇದಕ್ಕೆ ಲೈಕ್ ಹಾಕ್ತೀರಾ?

ಲೆಕ್ಕ ಬೇಕು ಅನ್ನೋರಿಗೆ ಲೆಕ್ಕವೂ ಇದೆ. 2003ರಲ್ಲಿ ಬುಷ್ ಕಾಲದಲ್ಲಿ ಶುರುವಾದ ಪೆಪ್‌ಫಾರ್ ಅನ್ನೋ ಏಡ್ಸ್ ನಿಧಿ, ಅಮೆರಿಕ ಸರ್ಕಾರದ್ದೇ ಲೆಕ್ಕದ ಪ್ರಕಾರ, ಎರಡೂವರೆ ಕೋಟಿ ಜೀವ ಉಳಿಸಿದೆ. ಯುಎಸ್‌ಏಡ್ ನಿಂತಿದ್ದರಿಂದ 2030ರೊಳಗೆ ಹೆಚ್ಚುವರಿಯಾಗಿ 1 ಕೋಟಿ 40 ಲಕ್ಷ ಜನ ಸಾಯಬಹುದು ಅಂತ 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಂದಾಜು ಬಂತು. ಅದು ಅಂದಾಜೇ, ಗಣಿತದ ಮಾದರಿ ಇಟ್ಟು ಮಾಡಿದ್ದು. ಅದರಲ್ಲಿ ಅರ್ಧ ಕಳೆಯಿರಿ, ಮುಕ್ಕಾಲು ಕಳೆಯಿರಿ, ಆಗಲೂ ಉಳಿಯೋದು ಲಕ್ಷಗಟ್ಟಲೆ ಹೆಣ. ನಮ್ಮ ಕಡೆಗೇ ಬನ್ನಿ. ಆಗ ಬೆಳಗಾವಿ, ಬಾಗಲಕೋಟೆ ದೇಶದಲ್ಲೇ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಪಟ್ಟಿಯಲ್ಲಿದ್ದವು. 2003ರಿಂದ ಗೇಟ್ಸ್ ಫೌಂಡೇಶನ್ ದುಡ್ಡಿನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ 'ಆವಾಹನ್' ಅನ್ನೋ ಕಾರ್ಯಕ್ರಮ ನಡೆಯಿತು. ಮೊದಲ ಐದು ವರ್ಷದಲ್ಲಿ ಅದು ಸುಮಾರು ಒಂದು ಲಕ್ಷ ಹೊಸ ಸೋಂಕು ತಡೆಯಿತು ಅನ್ನೋದು 2011ರಲ್ಲಿ ಪ್ರಕಟವಾದ ಅಂದಾಜು.

ಆದ್ದರಿಂದ "ನೆರವಿನಿಂದ ಏನೂ ಆಗಿಲ್ಲ, ಎಲ್ಲ ಲೂಟಿ" ಅನ್ನೋದು ಸುಳ್ಳು. ಆ ಸುಳ್ಳನ್ನ ವಾಷಿಂಗ್ಟನ್ನಿನಲ್ಲಿ ಟ್ರಂಪ್ ಹೇಳ್ತಾನೆ, ಇಲ್ಲಿ ವಿಶ್ವಗುರು ಭಕ್ತರು ಹೇಳ್ತಾರೆ. ಅವರ ಜೊತೆ ನಾವೂ ಕೋರಸ್ ಹಾಡಬೇಕಾ? ಅಂಗಡಿ ಮುಚ್ಚಿದವನು ನಮ್ಮ ಸ್ವಾಭಿಮಾನಕ್ಕಾಗಿ ಮುಚ್ಚಲಿಲ್ಲ ಅಣ್ಣಾ. ಬಡವರು, ಕರಿಯರು, ಹಿಜಡಾಗಳು ಬದುಕಿದರೆಷ್ಟು ಸತ್ತರೆಷ್ಟು ಅಂತ ಮುಚ್ಚಿದ.

ಈಗ ಆ ಕಡೆ ಅಳುತ್ತಿರುವವರಿಗೆ.

ಇನ್ನೊಂದು ಗ್ರೂಪಿದೆ. ಅಲ್ಲಿ ಹಳೆಯ ಪ್ರಾಜೆಕ್ಟ್ ಮ್ಯಾನೇಜರುಗಳು, ಕನ್ಸಲ್ಟೆಂಟುಗಳು. ಅಲ್ಲಿ ದೇವರೇ ಹೋದ ಹಾಗೆ ಸೂತಕ. "ಅಮೆರಿಕ ಇಲ್ಲದಿದ್ದರೆ ಇವರೆಲ್ಲ ಎಂದೋ ಸಾಯ್ತಿದ್ರು" ಅಂತ ಒಬ್ಬರು ಬರೆದಿದ್ದರು. ಅವರಿಗೂ ನಾಲ್ಕು ಮಾತು ಹೇಳಬೇಕು.

ಚಿಗವ್ವನಿಗೆ ಎಟುಕದ ಮಾತ್ರೆ ಮೂರು ಮನೆ ಆಚೆಯ ಅಕ್ಕನಿಗೆ ಎಟುಕಿದ್ದು ಯಾರದೋ ಕರುಣೆ ಒಂದರಿಂದಲೇ ಅಲ್ಲ. ಬೆಲೆ ಬಿದ್ದದ್ದರಿಂದ. 2001ರ ಮೊದಲು ಮೂರು ಔಷಧ ಕೂಡಿದ ಆ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರ ಡಾಲರಿಗೂ ಮೇಲೆ ಬೆಲೆ ಇತ್ತು. 2001ರ ಫೆಬ್ರವರಿಯಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಅದನ್ನೇ 350 ಡಾಲರಿಗೆ ಕೊಡ್ತೀವಿ ಅಂತ ಘೋಷಿಸಿದರು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಅದು ಹೇಗೆ ಸಾಧ್ಯ ಆಯ್ತು? 1970ರ ಭಾರತದ ಪೇಟೆಂಟ್ ಕಾಯ್ದೆ ಔಷಧದ ಮೇಲೆ ಪೇಟೆಂಟ್ ಕೊಡ್ತಿರಲಿಲ್ಲ, ತಯಾರಿಸೋ ವಿಧಾನಕ್ಕೆ ಮಾತ್ರ ಕೊಡ್ತಿತ್ತು. ಬೇರೆ ವಿಧಾನದಲ್ಲಿ ಅದೇ ಔಷಧ ಮಾಡಬಹುದಿತ್ತು. ಅಮೆರಿಕದ ಔಷಧ ಕಂಪನಿಗಳು ಆ ಕಾಯ್ದೆ ವಿರುದ್ಧ ವರ್ಷಗಟ್ಟಲೆ ಒತ್ತಡ ಹಾಕಿದ್ದವು. ಕೊನೆಗೆ 2005ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ನಿಯಮಕ್ಕೆ ತಕ್ಕಂತೆ ಅದನ್ನ ಬದಲಾಯಿಸಬೇಕಾಯ್ತು.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ 39 ಔಷಧ ಕಂಪನಿಗಳು ಸೇರಿ ಮಂಡೇಲಾ ಸರ್ಕಾರದ ಮೇಲೇ ಕೇಸು ಹಾಕಿದ್ದವು. ಕಡಿಮೆ ಬೆಲೆಯ ಔಷಧ ತರಿಸಿಕೊಳ್ಳೋ ಕಾಯ್ದೆ ಮಾಡಿದ್ದೇ ಆ ಸರ್ಕಾರದ ತಪ್ಪು. 'ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್' ಅನ್ನೋ ರೋಗಿಗಳ ಸಂಘಟನೆ ಎಚ್‌ಐವಿ ಪಾಸಿಟಿವ್ ಅಂತ ಬರೆದ ಅಂಗಿ ತೊಟ್ಟು ಬೀದಿಗಿಳಿಯಿತು. ಲೋಕವೆಲ್ಲ ಛೀಮಾರಿ ಹಾಕಿದ ಮೇಲೆ 2001ರ ಏಪ್ರಿಲ್‌ನಲ್ಲಿ ಕಂಪನಿಗಳು ಕೇಸು ವಾಪಸ್ ತಗೊಂಡವು. ಬೆಲೆ ಇಳಿಸಿದ್ದು ಈ ಹೋರಾಟ. ಗ್ಲೋಬಲ್ ಫಂಡ್ ಬಂದದ್ದು 2002ರಲ್ಲಿ, ಪೆಪ್‌ಫಾರ್ 2003ರಲ್ಲಿ. ನಮ್ಮ ದೇಶದಲ್ಲಿ ಸರ್ಕಾರ ಪುಕ್ಕಟೆ ಮಾತ್ರೆ ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕೆ, ಎಂಟು ಆಸ್ಪತ್ರೆಗಳಲ್ಲಿ. ಗ್ಲೋಬಲ್ ಫಂಡ್ ದುಡ್ಡು ಸೇರಿದ ಮೇಲೆ ಅದು ಬೆಳೆದು ನಮ್ಮ ಅಕ್ಕನ ತನಕ ಬಂತು. ಪೆಪ್‌ಫಾರ್ ಮೊದಮೊದಲು ಬ್ರಾಂಡ್ ಕಂಪನಿಗಳ ದುಬಾರಿ ಔಷಧವನ್ನೇ ಕೊಂಡಿತು. ಆಮೇಲೆ ಭಾರತದ ಕಡಿಮೆ ಬೆಲೆಯ ಔಷಧಕ್ಕೆ ಬಂದದ್ದರಿಂದಲೇ ಅದೇ ದುಡ್ಡಿನಲ್ಲಿ ಎಷ್ಟೋ ಪಟ್ಟು ಜನರನ್ನ ಉಳಿಸೋಕಾಯ್ತು.

ಇನ್ನೊಂದು ಮಾತು ನೆನಪಿರಲಿ. 2001ರಲ್ಲಿ ಯುಎಸ್‌ಏಡ್ ಮುಖ್ಯಸ್ಥ ಆಂಡ್ರೂ ನಾಟ್ಸಿಯೋಸ್ ಆಫ್ರಿಕಾದವರಿಗೆ ಈ ಮಾತ್ರೆ ಯಾಕೆ ಕೊಡೋಕಾಗಲ್ಲ ಅನ್ನೋದಕ್ಕೆ ಕಾರಣ ಕೊಟ್ಟಿದ್ದ. ಅಲ್ಲಿ ಎಷ್ಟೋ ಜನ ಗಡಿಯಾರವನ್ನೇ ನೋಡಿಲ್ಲ, ಹೊತ್ತು ಹೊತ್ತಿಗೆ ಮಾತ್ರೆ ನುಂಗು ಅಂದರೆ ಅವರಿಗೆ ತಿಳಿಯೋದಿಲ್ಲ ಅನ್ನೋ ಅರ್ಥದ ಮಾತು. ಇದನ್ನ ಓದಿದಾಗ ನನಗೆ ನಮ್ಮೂರ ಗೌಡರ ಕಟ್ಟೆ ನೆನಪಾಯ್ತು. "ಇವ್ರಿಗೆ ಹೇಳಿದ್ರ ತಿಳಿಯಂಗಿಲ್ಲ ಬಿಡ್ರಿ" ಅನ್ನೋ ಅದೇ ದನಿ. ಐದು ವರ್ಷದ ಮೇಲೆ, 2006ರಲ್ಲಿ, ಅಮೆರಿಕದ್ದೇ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಮಾಡಿದ ಲೆಕ್ಕ ಬಂತು. ಮಾತ್ರೆಯನ್ನ ಸರಿಯಾಗಿ ತಗೊಳ್ಳೋರು ಆಫ್ರಿಕಾದಲ್ಲಿ ಶೇ. 77, ಉತ್ತರ ಅಮೆರಿಕದಲ್ಲಿ ಶೇ. 55. ಗಡಿಯಾರ ಯಾರಿಗೆ ಬೇಕಿತ್ತು?

ಸೂತಕದಲ್ಲಿರುವವರಿಗೆ ಇಷ್ಟೇ ಕೇಳ್ತೀನಿ: ಕೊಟ್ಟವರ ಹೆಸರು ಬೋರ್ಡಿನಲ್ಲಿ ಬಂತು, ಕಿತ್ತುಕೊಂಡವರ ಹೆಸರು ಎಲ್ಲಿ ಬಂತು?

ಹಾಗಾದರೆ ನೆರವು ಎಲ್ಲಿ ಸೋತಿತು? ಕೊಡುವವನು ಮಾತ್ರೆಯ ಜೊತೆ ತನ್ನ ಮಡಿಯನ್ನೂ ಕೊಟ್ಟಾಗ.

2003ರ ಆ ಅಮೆರಿಕದ ಕಾಯ್ದೆಯಲ್ಲೇ ಎರಡು ಷರತ್ತು ಇದ್ದವು. ಒಂದು, ತಡೆಗಟ್ಟುವಿಕೆಗೆ ಇಟ್ಟ ದುಡ್ಡಿನಲ್ಲಿ ಮೂರರಲ್ಲೊಂದು ಪಾಲನ್ನ "ಮದುವೆ ಆಗೋ ತನಕ ಬ್ರಹ್ಮಚರ್ಯ" ಪ್ರಚಾರಕ್ಕೆ ಖರ್ಚು ಮಾಡಬೇಕು. ಆಫ್ರಿಕಾದಲ್ಲಿ ಇದಕ್ಕೆ ನೂರಾ ನಲವತ್ತು ಕೋಟಿ ಡಾಲರ್ ಸುರಿದರು. 2016ರಲ್ಲಿ ಸಂಶೋಧಕರು ಲೆಕ್ಕ ಹಾಕಿ ನೋಡಿದರೆ ಜನರ ನಡವಳಿಕೆಯಲ್ಲಿ ಅದರಿಂದ ಕಾಣುವಂಥ ಬದಲಾವಣೆ ಏನೂ ಇರಲಿಲ್ಲ. ಎರಡನೇದು, ದುಡ್ಡು ಬೇಕಾದರೆ "ನಾವು ವೇಶ್ಯಾವೃತ್ತಿಯನ್ನ ವಿರೋಧಿಸ್ತೀವಿ" ಅಂತ ಸಂಸ್ಥೆ ಬರೆದುಕೊಡಬೇಕು. ಯೋಚನೆ ಮಾಡಿ. ಲೈಂಗಿಕ ವೃತ್ತಿಯ ಹೆಂಗಸರ ಜೊತೆ ಕೆಲಸ ಮಾಡೋಕೆ ದುಡ್ಡು, ಆದರೆ ಮೊದಲು ಆ ಹೆಂಗಸರು ಕೆಟ್ಟವರು ಅಂತ ಸಹಿ ಹಾಕು. ಈ ಷರತ್ತು ಜಾರಿಗೆ ಕೂತ ಅಧಿಕಾರಿ, ಆಮೇಲೆ ಯುಎಸ್‌ಏಡ್ ಮುಖ್ಯಸ್ಥನೂ ಆದವನು, 2007ರಲ್ಲಿ ಎಸ್ಕಾರ್ಟ್ ಸಂಸ್ಥೆಗೆ ಫೋನ್ ಮಾಡಿ ಹೆಂಗಸರನ್ನ ಕರೆಸಿದ್ದು ಹೌದು, ಮಸಾಜಿಗೆ ಅಷ್ಟೇ ಅಂತ ಹೇಳಿ ರಾಜೀನಾಮೆ ಕೊಟ್ಟ. ಊರ ಮುಖಂಡ ಹಗಲು ಮಡಿ, ರಾತ್ರಿ ಕೇರಿ. ನಮಗೇನು ಹೊಸದಾ?

ಆ ಷರತ್ತಿಗೆ ಸಾಂಗ್ಲಿಯ 'ಸಂಗ್ರಾಮ್' ಸಂಸ್ಥೆ 2005ರಲ್ಲಿ ಆಗಲ್ಲ ಅಂದಿತು, ಅಮೆರಿಕದ ದುಡ್ಡು ಬಿಟ್ಟಿತು. ಅದರ ಜೊತೆಗಿದ್ದದ್ದು 'ವ್ಯಾಂಪ್' ಅನ್ನೋ ಲೈಂಗಿಕ ಕಾರ್ಯಕರ್ತೆಯರ ಸಂಘ. ಅಲ್ಲಿನ ಎಷ್ಟೋ ಹೆಂಗಸರು ನಮ್ಮ ಕಡೆಯಿಂದ ಹೋದ, ಕನ್ನಡ ಮಾತಾಡೋ, ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕತಂಗಿಯರೇ. ಅದೇ ವರ್ಷ ಬ್ರೆಜಿಲ್ ದೇಶ ಇದೇ ಕಾರಣಕ್ಕೆ 4 ಕೋಟಿ ಡಾಲರ್ ಬೇಡ ಅಂದಿತು. ಅಣ್ಣಾ, ಸ್ವಾಭಿಮಾನ ಅಂದರೆ ಇದು. ರೋಗಿಗಳು ತಾವೇ ಕೂತು ಯೋಚಿಸಿ, ತಮ್ಮ ಮರ್ಯಾದೆ ಮಾರಿಕೊಳ್ಳದೆ ಬೇಡ ಅನ್ನೋದು. ಮಾತ್ರೆ ಬೇಕಾಗಿಲ್ಲದ ನಾವು ಮೊಬೈಲ್ ಹಿಡಿದು ಮಾತ್ರೆ ಬೇಕಾದವರ ಪರವಾಗಿ ಬೇಡ ಅನ್ನೋದು ಸ್ವಾಭಿಮಾನ ಅಲ್ಲ.

ಕೊಡುವವನ ಕಣ್ಣಿಗೆ ನಾವು ಮನುಷ್ಯರಾಗಿ ಕಾಣದಿದ್ದರೆ ಏನಾಗ್ತದೆ ಅನ್ನೋದಕ್ಕೂ ಸಾಕ್ಷಿ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾದಲ್ಲಿ 'ಪಾಥ್' ಅನ್ನೋ ಅಮೆರಿಕದ ಸಂಸ್ಥೆ, ಗೇಟ್ಸ್ ಫೌಂಡೇಶನ್ ದುಡ್ಡಿನಲ್ಲಿ, ಸಾವಿರಾರು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಹಾಕಿಸಿತು. ಖಮ್ಮಂನಲ್ಲಿ ಅನೇಕರು ಆದಿವಾಸಿ, ದಲಿತ ಮಕ್ಕಳು, ಹಾಸ್ಟೆಲಿನಲ್ಲಿದ್ದವರು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಅಪ್ಪ ಅವ್ವ ಅಲ್ಲ, ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು. ಏಳು ಹುಡುಗಿಯರು ಸತ್ತ ಮೇಲೆ 2010ರಲ್ಲಿ ಅದನ್ನ ನಿಲ್ಲಿಸಿದರು. ಸಾವಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ, ಅದನ್ನ ನಾನು ತಿರುಚೋದಿಲ್ಲ. ಆ ಲಸಿಕೆ ಒಳ್ಳೆಯದೇ, ನಮ್ಮ ಹೆಣ್ಣುಮಕ್ಕಳಿಗೆ ಬೇಕು. ಆದರೆ 2013ರಲ್ಲಿ ಸಂಸತ್ತಿನ ಸಮಿತಿ ಆ ಒಪ್ಪಿಗೆಯ ರೀತಿಯನ್ನ ಕಟುವಾಗಿ ಖಂಡಿಸಿತು. ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನ ಮಕ್ಕಳಿಗೆ ವಾರ್ಡನ್ ಸಹಿ ಹಾಕಿಸಿಕೊಂಡು ಸೂಜಿ ಚುಚ್ಚೋ ಧೈರ್ಯ ಯಾರಿಗಾದರೂ ಇತ್ತಾ?

ಈಗ ನನ್ನದೇ ತಪ್ಪೊಪ್ಪಿಗೆ. ನಾನೂ ಆ ಎನ್‌ಜಿಓ ಅಂಗಡಿಯಲ್ಲಿ ಉಪ್ಪು ತಿಂದವನು. ಚಿಗವ್ವ ಸತ್ತ ಮೂರು ವರ್ಷಕ್ಕೆ ಒಂದು ಏಡ್ಸ್ ಪ್ರಾಜೆಕ್ಟಿನಲ್ಲಿ ಔಟ್‌ರೀಚ್ ವರ್ಕರ್ ಆಗಿ ಸೇರಿದೆ. ಬಸ್‌ಸ್ಟ್ಯಾಂಡು, ಲಾಡ್ಜು, ಕಬ್ಬಿನ ಲಾರಿ ನಿಲ್ಲೋ ಡಾಬಾ, ಇವೇ ನನ್ನ ಆಫೀಸು. ತಿಂಗಳ ಕೊನೆಗೆ ಫಾರ್ಮ್ಯಾಟ್ ತುಂಬಬೇಕು. ಎಷ್ಟು ಕಾಂಡೋಮ್ ಹಂಚಿದೆ, ಎಷ್ಟು ಜನರನ್ನ ಕ್ಲಿನಿಕ್ಕಿಗೆ ಕರೆತಂದೆ. ಟಾರ್ಗೆಟ್ ಮುಟ್ಟದ ತಿಂಗಳು ಮೀಟಿಂಗಿನಲ್ಲಿ ತಲೆ ತಗ್ಗಿಸಿ ಕೂರಬೇಕು. ನಾನು ಕೆಲವು ತಿಂಗಳು ಸುಳ್ಳು ಸಂಖ್ಯೆ ತುಂಬಿದ್ದೇನೆ. ಕಾಂಡೋಮ್ ಪೊಟ್ಟಣ ಗೋದಾಮಿನಲ್ಲೇ ಇತ್ತು, ಕಾಗದದಲ್ಲಿ ಖರ್ಚಾಗಿತ್ತು. ಸಾಹೇಬರು ವಿಸಿಟ್‌ಗೆ ಬಂದಾಗ ಹೆಂಗಸರನ್ನ ಸಾಲಾಗಿ ಕೂರಿಸಿ "ನಿಮ್ಮ ಕತೆ ಹೇಳ್ರಿ" ಅಂದದ್ದೂ ಇದೆ. ಒಬ್ಬ ಅಕ್ಕ ಒಂದಿನ ಸಿಟ್ಟಾಗಿ ಕೇಳಿದಳು: "ತಮ್ಮಾ, ನನ್ನ ಕತಿ ಎಷ್ಟ್ ಸಲ ಮಾರ್ತಿಯೋ? ಒಮ್ಮೆರ ರೊಕ್ಕಾ ನನಗ ಕೊಡು." ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರು ಒಬ್ಬಳನ್ನ ಹಿಡಿದು ಹೊಡೆದರು. ಆಕೆಯ ಚೀಲದಲ್ಲಿ ಇದ್ದದ್ದು ನಾನೇ ಕೊಟ್ಟ ಕಾಂಡೋಮು. ಅದೇ ಸಾಕ್ಷಿ. ಅವತ್ತಿಂದ ಯಾರೂ ಕಾಂಡೋಮ್ ಇಟ್ಟುಕೊಳ್ಳೋಕೆ ಒಪ್ಪಲಿಲ್ಲ. ನನ್ನ ಫಾರ್ಮ್ಯಾಟಿನಲ್ಲಿ "ಪೊಲೀಸ್ ಹೊಡೆತ" ಅನ್ನೋ ಕಾಲಂ ಇರಲಿಲ್ಲ. ಮುಂದಿನ ಸಲ ಹೀಗಾದಾಗ ಹೆಂಗಸರೇ ನಲವತ್ತು ಜನ ಸೇರಿ ರಾತ್ರಿ ಹನ್ನೊಂದಕ್ಕೆ ಸ್ಟೇಷನ್ ಮುಂದೆ ಕೂತರು. ವಕೀಲರೊಬ್ಬರನ್ನ ಎಬ್ಬಿಸಿ ಕರೆತಂದರು. ಬೆಳಕು ಹರಿಯೋದರೊಳಗೆ ಬಿಡಿಸಿಕೊಂಡು ಬಂದರು. ಆಮೇಲೆ ಸಂಘ ಕಟ್ಟಿದರು, ರಿಜಿಸ್ಟರ್ ಮಾಡಿಸಿದರು. ಹಿಂಸೆ ಆದರೆ ದಾಖಲು ಮಾಡೋ ಕಾಲಂ ಬೇಕು ಅಂತ ಹಟ ಹಿಡಿದು ಫಾರ್ಮ್ಯಾಟಿಗೆ ಸೇರಿಸಿದರು. ಅದಾದ ಮೇಲೆ ನೋಡಿ, ನಾನು ಕರೆಯದಿದ್ದರೂ ಕ್ಲಿನಿಕ್ಕಿಗೆ ಜನ ಬರೋಕೆ ಶುರುವಾಯ್ತು. ಸುಳ್ಳು ಸಂಖ್ಯೆ ತುಂಬೋ ಅಗತ್ಯವೇ ಬೀಳಲಿಲ್ಲ. ಮೈಸೂರಿನಲ್ಲಿ 2004ರಿಂದ ಕಟ್ಟಿದ 'ಆಶೋದಯ ಸಮಿತಿ'ಯ ಹೆಂಗಸರೂ ಇದೇ ದಾರಿ ಹಿಡಿದದ್ದು. ಪೊಲೀಸರ ಭಯ, ಗೂಂಡಾಗಳ ಭಯ ಹೋಗದೆ ಕಾಂಡೋಮೂ ಇಲ್ಲ, ಕ್ಲಿನಿಕ್ಕೂ ಇಲ್ಲ.

ದುಡ್ಡು ಹೊರಗಿಂದ ಬಂತು, ನಿಜ. ಕೆಲಸ ಮಾಡಿದ್ದು ಆ ನಲವತ್ತು ಜನ. ನೆರವು ಕೆಲಸ ಮಾಡ್ತದಾ ಅಂತ ಕೇಳೋದು ಅರ್ಧ ಪ್ರಶ್ನೆ. ಯಾರ ಕೈಯಲ್ಲಿದ್ದಾಗ ಕೆಲಸ ಮಾಡ್ತದೆ ಅಂತ ಕೇಳಿದರೆ ಪೂರ್ತಿ ಪ್ರಶ್ನೆ. ಅಮೆರಿಕದ ನೆರವಿನಲ್ಲಿ ಅಂಥ ಕೈಗಳಿಗೆ ಎಷ್ಟು ಸಿಗ್ತಿತ್ತು ಗೊತ್ತಾ? ಯುಎಸ್‌ಏಡ್ ಕೊಡ್ತಿದ್ದ ದುಡ್ಡಿನಲ್ಲಿ ಆಯಾ ದೇಶದ ಸ್ಥಳೀಯ ಸಂಸ್ಥೆಗಳಿಗೆ ನೇರವಾಗಿ ಹೋಗ್ತಿದ್ದದ್ದು ನೂರಕ್ಕೆ ಸುಮಾರು ಹತ್ತು. 2021ರಲ್ಲಿ ಅದನ್ನ ಇಪ್ಪತ್ತೈದಕ್ಕೆ ಏರಿಸ್ತೀವಿ ಅಂದರು, ಏರಲಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಅವರದೇ ದೊಡ್ಡ ಗುತ್ತಿಗೆದಾರರು, ದೊಡ್ಡ ಸಂಸ್ಥೆಗಳ ಮೂಲಕವೇ ಹರಿಯಬೇಕು. ನಮ್ಮ ಸರ್ಕಾರವೂ ಕಡಿಮೆ ಇಲ್ಲ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ತಂದು, ಒಂದು ಸಂಸ್ಥೆಗೆ ಬಂದ ದುಡ್ಡನ್ನ ಇನ್ನೊಂದಕ್ಕೆ ಕೊಡೋ ಹಾಗಿಲ್ಲ ಅಂದಿತು. ದಿಲ್ಲಿಯ ದೊಡ್ಡ ಸಂಸ್ಥೆಯಿಂದ ಮುಧೋಳದ ಸಣ್ಣ ಸಂಘಕ್ಕೆ ಹನಿ ಬರೋ ದಾರಿಯೂ ಕಟ್ಟಾಯ್ತು.

"ಹಾಗಾದರೆ ನಮ್ಮ ಸರ್ಕಾರದ ದುಡ್ಡೇ ಸಾಕಲ್ವಾ? ಯಾರ ಹಂಗೂ ಬೇಡ" ಅಂತೀರಿ. ಬೇಕು, ಅದೇ ಬೇಕು. ಆದರೆ ಅದೊಂದೇ ಸಾಕಾ ಅನ್ನೋದಕ್ಕೆ ದಕ್ಷಿಣ ಆಫ್ರಿಕಾ ನೋಡಿ. ಮಂಡೇಲಾ ನಂತರ ಬಂದ ಥಾಬೊ ಎಂಬೆಕಿ ಹೋರಾಟಗಾರ, ಕರಿಯರ ನಾಯಕ, ನಮ್ಮವನು ಅನ್ನಿಸಿಕೊಂಡವನು. ಎಚ್‌ಐವಿಯಿಂದ ಏಡ್ಸ್ ಬರ್ತದೆ ಅನ್ನೋದನ್ನೇ ಅವನು ಅನುಮಾನಿಸಿದ. ಈ ಮಾತ್ರೆ ವಿಷ, ಆಫ್ರಿಕಾದವರನ್ನ ಕೀಳಾಗಿ ನೋಡೋ ಬಿಳಿಯರ ಆಟ ಇದು ಅನ್ನೋ ವಾದ ಆ ಸರ್ಕಾರದ ಸುತ್ತ ಬೆಳೆಯಿತು. ಕೇಳೋಕೆ ಪಕ್ಕಾ ಸ್ವಾಭಿಮಾನದ ಮಾತು. ಆ ಹಟಕ್ಕೆ 2000ದಿಂದ 2005ರೊಳಗೆ ಮೂರು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಂತ ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಕಂಪನಿಗಳ ವಿರುದ್ಧ ತಮ್ಮ ಸರ್ಕಾರದ ಬೆನ್ನಿಗೆ ನಿಂತಿದ್ದ ಅದೇ ರೋಗಿಗಳ ಸಂಘಟನೆ ಈಗ ತಮ್ಮ ಸರ್ಕಾರದ ಮೇಲೇ ಕೇಸು ಹಾಕಿತು. ಬಸುರಿ ಹೆಂಗಸರಿಂದ ಮಗುವಿಗೆ ರೋಗ ದಾಟದ ಹಾಗೆ ಔಷಧ ಕೊಡಲೇಬೇಕು ಅಂತ 2002ರ ಜುಲೈನಲ್ಲಿ ಅಲ್ಲಿನ ಸಂವಿಧಾನ ಕೋರ್ಟು ತೀರ್ಪು ಕೊಟ್ಟಿತು. ಹೀಗೆ ಬಡಿದಾಡಿ ತಮ್ಮ ಬಜೆಟ್ಟಿನಿಂದಲೇ ಮಾತ್ರೆ ಕೊಳ್ಳೋ ಹಾಗೆ ಮಾಡಿಕೊಂಡಿದ್ದರಿಂದಲೇ, 2025ರಲ್ಲಿ ಅಮೆರಿಕ ಕೈ ಎತ್ತಿದಾಗ ಅಲ್ಲಿ ಸಾವಿರಾರು ಆರೋಗ್ಯ ಕಾರ್ಯಕರ್ತರ ಕೆಲಸ ಹೋದರೂ ಮಾತ್ರೆಯ ಡಬ್ಬಿ ಖಾಲಿಯಾಗಲಿಲ್ಲ.

ನಮ್ಮ ದೇಶದ್ದೂ ಹಾಗೇ. ಏಡ್ಸ್ ನಿಯಂತ್ರಣದ ಐದನೇ ಹಂತಕ್ಕೆ, 2021ರಿಂದ 2026ರ ತನಕ, ಕೇಂದ್ರ ಸರ್ಕಾರ ತನ್ನದೇ ಬೊಕ್ಕಸದಿಂದ 15,471 ಕೋಟಿ ರೂಪಾಯಿ ಇಟ್ಟಿದೆ. ಒಳ್ಳೆಯದು. ನಮ್ಮ ಅಕ್ಕನ ಮಾತ್ರೆ ಇವತ್ತೂ ಬರ್ತಿರೋದು ಅದರಿಂದಲೇ. ಆದರೆ 2022ರಲ್ಲಿ ಏನಾಯ್ತು? ಹಲವು ರಾಜ್ಯಗಳಲ್ಲಿ ಮಾತ್ರೆ ಸ್ಟಾಕ್ ಇಲ್ಲ ಅಂತ ರೋಗಿಗಳು ದಿಲ್ಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಆಫೀಸಿನ ಮುಂದೆ ಒಂದು ತಿಂಗಳಿಗೂ ಮೇಲೆ ಧರಣಿ ಕೂತರು. ದುಡ್ಡು ಸ್ವದೇಶಿ, ಟೆಂಡರ್ ಸ್ವದೇಶಿ, ಅಧಿಕಾರಿ ಸ್ವದೇಶಿ. ಮಾತ್ರೆ ಮಾತ್ರ ಇರಲಿಲ್ಲ. ಎಸ್‌ಸಿಎಸ್‌ಪಿ-ಟಿಎಸ್‌ಪಿ ದುಡ್ಡು ನಮ್ಮ ಹೆಸರಲ್ಲಿ ಹೊರಟು ಎಲ್ಲೆಲ್ಲಿ ಮಾಯ ಆಗ್ತದೆ ಅಂತ ವರ್ಷಾ ವರ್ಷಾ ಬೀದಿಗಿಳಿಯೋ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

1927ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಗೆ ಹೋದದ್ದನ್ನ ಪ್ರತಿ ವರ್ಷ ನೆನಪು ಮಾಡ್ತೀವಿ. ಸವರ್ಣರು ಬಳಸೋ ಕೆರೆ, ಅವರ ಎಂಜಲು ನೀರು, ನಮಗೆ ಬೇಡ ಅಂತ ಅವರು ಅನ್ನಲಿಲ್ಲ. ಒಂದು ಬೊಗಸೆ ಹಾಕ್ರಪ್ಪಾ ಅಂತ ದಡದಲ್ಲಿ ಕೈಯೊಡ್ಡಿಯೂ ನಿಲ್ಲಲಿಲ್ಲ. ಸಾವಿರಾರು ಜನರ ಜೊತೆ ಇಳಿದು ಕುಡಿದರು. ಮಾತ್ರೆಯ ವಿಷಯದಲ್ಲೂ ನಮ್ಮ ನಿಲುವು ಅದೇ ಆಗಬೇಕು. ಅಮೆರಿಕದ ಸಂಪತ್ತಿನಲ್ಲಿ ಆಫ್ರಿಕಾದಿಂದ ಹೊತ್ತೊಯ್ದ ಗುಲಾಮರ ಬೆವರಿದೆ. ಆ ದುಡ್ಡಿನ ಒಂದು ಪಾಲು ಆಫ್ರಿಕಾದ ರೋಗಿಗೆ ಹೋದರೆ ಅದು ಭಿಕ್ಷೆ ಅಲ್ಲ, ಬಾಕಿ.

ಆದ್ದರಿಂದ ಸಂಗಾತಿಗಳೇ, ಮೀಮ್ ಹಾಕೋದು ಬಿಟ್ಟು ಕೆಲಸಕ್ಕೆ ಬನ್ನಿ. ನಿಮ್ಮ ಜಿಲ್ಲೆಯ ಏಆರ್‌ಟಿ ಕೇಂದ್ರಕ್ಕೆ ಒಂದು ದಿನ ಹೋಗಿ. ಎಷ್ಟು ತಿಂಗಳ ಮಾತ್ರೆ ಸ್ಟಾಕ್ ಇದೆ ಅಂತ ಕೇಳಿ, ಹೇಳದಿದ್ದರೆ ಆರ್‌ಟಿಐ ಹಾಕಿ, ಅದನ್ನ ಬೋರ್ಡಿನಲ್ಲಿ ಬರೆಸಿ. ಅಲ್ಲಿ ಗುತ್ತಿಗೆ ಮೇಲೆ ದುಡಿಯೋ ಕೌನ್ಸೆಲರ್, ಲ್ಯಾಬ್ ಟೆಕ್ನಿಶಿಯನ್‌ಗಳಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ ಅಂತ ವಿಚಾರಿಸಿ, ಅವರ ಹೋರಾಟಕ್ಕೆ ನಿಲ್ಲಿ. ಜಿಲ್ಲೆ, ರಾಜ್ಯ ಮಟ್ಟದ ಏಡ್ಸ್ ಸಮಿತಿಗಳಲ್ಲಿ ಮಾತ್ರೆ ನುಂಗುವವರು, ಮುತ್ತು ಕಟ್ಟಿಸಿಕೊಂಡ ತಾಯಂದಿರು, ಲಿಂಗತ್ವ ಅಲ್ಪಸಂಖ್ಯಾತರು ಫೋಟೋಕ್ಕಲ್ಲ, ತೀರ್ಮಾನಕ್ಕೆ ಕೂರಬೇಕು ಅಂತ ಒತ್ತಾಯ ಮಾಡಿ. 2017ರ ಆರೋಗ್ಯ ನೀತಿಯಲ್ಲಿ ದೇಶದ ಉತ್ಪನ್ನದ ಶೇ. 2.5ರಷ್ಟನ್ನ 2025ರೊಳಗೆ ಆರೋಗ್ಯಕ್ಕೆ ಸರ್ಕಾರ ಖರ್ಚು ಮಾಡ್ತದೆ ಅಂತ ಬರೆದಿದ್ದರು. ಆ ವರ್ಷ ಬಂತು, ಗುರಿ ಮುಟ್ಟಲಿಲ್ಲ. ಎಂಪಿಗಳು ಮತ ಕೇಳೋಕೆ ಬಂದಾಗ ಇದನ್ನ ಕೇಳಿ. ಹೊರಗಿನ ದುಡ್ಡು ಬಂದರೆ ಬರಲಿ. ಎಷ್ಟು ಬಂತು, ಯಾರ ಸಂಬಳಕ್ಕೆ ಹೋಯ್ತು, ಯಾವ ಷರತ್ತಿಗೆ ಸಹಿ ಹಾಕಿದಿರಿ ಅಂತ ಊರ ಮುಂದೆ ಲೆಕ್ಕ ಓದಿಸಿ.

ನಿನ್ನೆ ಈ ಪೋಸ್ಟನ್ನ ಮೂರು ಮನೆ ಆಚೆಯ ಅಕ್ಕನಿಗೆ ಓದಿ ಹೇಳಿದೆ. ಎಮ್ಮೆ ಹಿಂಡುತ್ತಾ ಕೇಳಿಸಿಕೊಂಡಳು. ಎಂಜಲು ಅಂತ ಬರೆದ ಹಿರಿಯರ ಹೆಸರು ಕೇಳಿದಳು, ನಾನು ಹೇಳಲಿಲ್ಲ. "ಬೈಬ್ಯಾಡೋ ಅವ್ರಿಗೆ" ಅಂದಳು. "ಮುಂದಿನ ತಿಂಗಳ ನಾ ಗುಳಿಗಿ ತರಾಕ ಹೋಗ್ತೇನಲ್ಲ, ನನ್ನ ಕೂಡ ಕರಕೊಂಡ ಬಾ. ಸಾಲಾಗ ಒಂದ್ ತಾಸ ನಿಲ್ಲಲಿ. ಆಮ್ಯಾಲ ಏನ್ ಬರೀತಾರ ಬರೀಲಿ."

ಅಣ್ಣಾ, ದಿನ ಹೇಳಿ. ಬಸ್‌ಸ್ಟ್ಯಾಂಡಿಗೆ ನಾನೇ ಬರ್ತೀನಿ.

ಜೈ ಭೀಮ್.